ಗೋಲಿಗಿಂತ ಮೊದಲು ನಿಮಿಷ: ಎರ್ಲಿಂಗ್ ಹಾಲಾಂಡ್ ಹತ್ತಿದ ಮೆಟ್ಟಿಲುಗಳು

ನಾರ್ವೆಯ ಫುಟ್‌ಬಾಲ್ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರ, ಹಾಲಾಂಡ್ ಹೆಸರು ಬಂದ ಕೂಡಲೇ ಎಲ್ಲರ ಬಾಯಲ್ಲೂ ದೊಡ್ಡ ಅಂಕಿಗಳೇ ಬರುತ್ತವೆ. ಮ್ಯಾಂಚೆಸ್ಟರ್ ಸಿಟಿ ಸೇರಿದ ಮೊದಲ ವರ್ಷ, ಅಂದರೆ 2022–23ರಲ್ಲಿ, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಒಂದರಲ್ಲೇ 36 ಗೋಲು. ಎಲ್ಲ ಟೂರ್ನಿ ಸೇರಿ 53 ಪಂದ್ಯಗಳಲ್ಲಿ 52. ಅವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. 2016ರಲ್ಲಿ ಈ ಹುಡುಗ ತನ್ನ ಊರಿನ ಕ್ಲಬ್ ಬ್ರೂನೆಯ ಹಿರಿಯರ ತಂಡಕ್ಕೆ 16 ಪಂದ್ಯ ಆಡಿದ. ನಾರ್ವೆಯ ಎರಡನೇ ದರ್ಜೆಯ ಲೀಗ್, ವಯಸ್ಸು ಹದಿನೈದು ಹದಿನಾರು. ಗೋಲು ಎಷ್ಟು? ಒಂದೂ ಇಲ್ಲ.

ಒಂದೂ ಗೋಲು ಹೊಡೆಯದ ಸ್ಟ್ರೈಕರ್‌ನನ್ನು ಮರುವರ್ಷವೇ ನಾರ್ವೆಯ ಮೊದಲ ದರ್ಜೆಯ ಮೋಲ್ಡೆ ಕ್ಲಬ್ ಕೊಂಡುಕೊಂಡಿತು. ನಮ್ಮಲ್ಲಿ ಎಷ್ಟು ಕೋಚ್‌ಗಳು ಹಾಗೆ ಮಾಡುತ್ತಿದ್ದರು ಎಂದು ನೀವೇ ಯೋಚಿಸಿ. ಮೋಲ್ಡೆಯವರು ಕಂಡದ್ದು ಹದಿನಾರರ ಹುಡುಗ ದೊಡ್ಡವರ ನಡುವೆ ಆಡಿದ ನಿಮಿಷಗಳನ್ನು, ಆ ನಿಮಿಷಗಳಲ್ಲಿ ಅವನು ಓಡಿದ ಓಟಗಳನ್ನು. ಎಳೆಯ ಫಾರ್ವರ್ಡ್ (ಮುಂಚೂಣಿ ಆಟಗಾರ) ಒಬ್ಬನ ಮೊದಲ ಐದು ವರ್ಷವನ್ನು ಅಳೆಯಬೇಕಾದ ಮಾನದಂಡ ಅದು. ಇವತ್ತು ನಾನು ಹೇಳುವುದೆಲ್ಲ ಅದರ ಸುತ್ತಲೇ.

ಬ್ರೂನೆಯಿಂದಲೇ ಹೋಗೋಣ. ನಾರ್ವೆಯ ನೈರುತ್ಯ ಕರಾವಳಿಯ ಯಾರೆನ್ ಎಂಬ ಬೇಸಾಯದ ಸೀಮೆಯಲ್ಲಿರುವ ಸಣ್ಣ ಊರು. ಹಾಲಾಂಡ್ ಹುಟ್ಟಿದ್ದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, 2000ದ ಜುಲೈ 21ರಂದು. ಅಪ್ಪ ಆಲ್ಫ್-ಇಂಗೆ ಆಗ ಇಂಗ್ಲೆಂಡಿನಲ್ಲಿ ಆಡುತ್ತಿದ್ದ ಫುಟ್‌ಬಾಲ್ ಆಟಗಾರ, ಅಮ್ಮ ಹೆಪ್ಟಾಥ್ಲಾನ್ (ಓಟ, ಜಿಗಿತ, ಎಸೆತ ಸೇರಿದ ಏಳು ಸ್ಪರ್ಧೆಗಳ ಕ್ರೀಡೆ) ಆಟಗಾರ್ತಿ. ಮೂರು ವರ್ಷದವನಿದ್ದಾಗ ಕುಟುಂಬ ಊರಿಗೆ ಮರಳಿತು. ಬ್ರೂನೆಯಲ್ಲಿ ಚಾವಣಿಯ ಕೆಳಗೆ ಕೃತಕ ಹುಲ್ಲಿನ ಮೈದಾನವೊಂದಿದೆ. ಮಳೆ, ಚಳಿ, ಗಾಳಿ ಏನಿದ್ದರೂ ಮಕ್ಕಳು ಅಲ್ಲಿ ಸೇರುತ್ತಿದ್ದರು. ಕೋಚ್ ಆಲ್ಫ್ ಇಂಗ್ವೆ ಬರ್ನ್ಟ್ಸೆನ್ ಅವರ ಕೈಯಲ್ಲಿ ಸುಮಾರು 40 ಮಕ್ಕಳ ಒಂದು ಗುಂಪಿತ್ತು. ಅದನ್ನು ಒಳ್ಳೆಯವರು, ಉಳಿದವರು ಎಂದು ಬೇಗನೆ ಎರಡು ಮಾಡಲಿಲ್ಲ. ನಾರ್ವೆಯ ಕ್ರೀಡಾ ಒಕ್ಕೂಟದ ನಿಯಮವೂ ಅದಕ್ಕೆ ಪೂರಕ: ಹನ್ನೊಂದು ವರ್ಷಕ್ಕೆ ಮೊದಲು ಮಕ್ಕಳ ಪಂದ್ಯಗಳಿಗೆ ಅಂಕಪಟ್ಟಿಯಿಲ್ಲ, ರ್‍ಯಾಂಕಿಂಗ್ ಇಲ್ಲ.

ಇದರಿಂದ ಫಾರ್ವರ್ಡ್‌ಗೆ ಏನು ಲಾಭ? ಇವತ್ತು ನಾವು ನೋಡುವ 1.95 ಮೀಟರ್‌ನ ಆಳು ಹದಿನೈದರವರೆಗೂ ಗುಂಪಿನಲ್ಲಿ ಕುಳ್ಳನೇ. ತನಗಿಂತ ಒಂದು ವರ್ಷ ದೊಡ್ಡವರ ಜತೆ ಆಡುತ್ತಿದ್ದ. ಮೈಬಲದಿಂದ ಯಾರನ್ನೂ ತಳ್ಳಲಾಗದ ಸ್ಟ್ರೈಕರ್‌ಗೆ ಉಳಿಯುವ ದಾರಿ ಒಂದೇ, ಡಿಫೆಂಡರ್ ಕೈಗೆ ಸಿಗದ ಜಾಗಕ್ಕೆ ಅವನಿಗಿಂತ ಮೊದಲು ಹೋಗುವುದು. ಎತ್ತರ ಆಮೇಲೆ ಬಂತು. ಜಾಗ ಹುಡುಕುವ ಅಭ್ಯಾಸ ಅಷ್ಟರಲ್ಲಿ ಮೈಗೂಡಿತ್ತು. ಇದು ತಿರುಗುಮುರುಗಾದರೆ ಏನಾಗುತ್ತದೆ ಎಂಬುದನ್ನು ನಮ್ಮ ಶಾಲಾ ಟೂರ್ನಿಗಳಲ್ಲಿ ನೋಡಬಹುದು. ಹನ್ನೆರಡನೇ ವಯಸ್ಸಿಗೇ ಮೀಸೆ ಚಿಗುರಿದ ಹುಡುಗ ಎಲ್ಲರನ್ನೂ ಓಡಿ ದಾಟಿ ಗೋಲು ಹೊಡೆಯುತ್ತಾನೆ, ಹದಿನೇಳಕ್ಕೆ ಉಳಿದವರೂ ಅವನಷ್ಟೇ ಬೆಳೆದಾಗ ಕೈಯಲ್ಲಿ ಬೇರೆ ವಿದ್ಯೆ ಇರುವುದಿಲ್ಲ. ತಡವಾಗಿ ಬೆಳೆಯುವವನನ್ನು ಕೋಚ್ ಹದಿಮೂರಕ್ಕೇ ಮನೆಗೆ ಕಳಿಸಿರುತ್ತಾರೆ. ಎರಡೂ ಕಡೆ ನಷ್ಟ.

ಬೆಳವಣಿಗೆಯ ಮಾತು ಬಂದದ್ದರಿಂದ ಒಂದು ಕಿವಿಮಾತು, ಕೋಚ್‌ಗಳಿಗೂ ತಂದೆತಾಯಿಯರಿಗೂ. ಮೂರು ತಿಂಗಳಿಗೊಮ್ಮೆ ಮಗುವಿನ ಎತ್ತರ ಅಳೆದು ಬರೆದಿಡಿ. ಅಳೆಯುವುದು ಬೆಳಿಗ್ಗೆಯಾದರೆ ಪ್ರತಿ ಸಲವೂ ಬೆಳಿಗ್ಗೆಯೇ ಇರಲಿ, ಸಂಜೆಯ ಹೊತ್ತಿಗೆ ಬೆನ್ನುಮೂಳೆ ಒತ್ತಿ ಎತ್ತರ ಸ್ವಲ್ಪ ಕಡಿಮೆ ಬರುತ್ತದೆ. ವರ್ಷಕ್ಕೆ 7 ಸೆಂಟಿಮೀಟರ್ ಮೀರಿದ ವೇಗ ಕಂಡರೆ ಹುಡುಗ ಬೆಳವಣಿಗೆಯ ಏರುಗಾಲದಲ್ಲಿದ್ದಾನೆ ಎಂದರ್ಥ. ಆಗ ಎಲುಬು ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಶುರುವಾಗುವುದು ಆವಾಗಲೇ. ಆ ತಿಂಗಳುಗಳಲ್ಲಿ ಜಿಗಿತ, ಗಟ್ಟಿ ನೆಲದ ಮೇಲಿನ ಓಟ, ಪದೇ ಪದೇ ಹೊಡೆಯುವ ಶಾಟ್‌ಗಳನ್ನು ಕಡಿಮೆ ಮಾಡಬೇಕು. ಚೆಂಡಿನ ನಿಯಂತ್ರಣ ತಪ್ಪುತ್ತದೆ, ಕಾಲು ತೊಡರುತ್ತದೆ. ಬೈಯಬೇಡಿ, ಕಾಲಿನ ಉದ್ದವೇ ಬದಲಾಗಿದೆ.

ಇನ್ನು ಮೋಲ್ಡೆ. 2017ರಲ್ಲಿ ಅಲ್ಲಿಯ ಕೋಚ್ ಓಲೆ ಗುನ್ನಾರ್ ಸೋಲ್‌ಷಾರ್, ಸ್ವತಃ ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೆಯ ಸ್ಟ್ರೈಕರ್. ಮೊದಲ ಹಂಗಾಮು: ಲೀಗ್‌ನಲ್ಲಿ 14 ಪಂದ್ಯ, 2 ಗೋಲು. ಎರಡನೇ ಹಂಗಾಮು: 25 ಪಂದ್ಯ, 12 ಗೋಲು. 2018ರ ಜುಲೈ 1ರಂದು, ಆಗ ಪಟ್ಟಿಯ ಮೇಲ್ತುದಿಯಲ್ಲಿದ್ದ ಬ್ರಾನ್ ತಂಡದ ಮೇಲೆ ಮೊದಲ 21 ನಿಮಿಷದೊಳಗೇ ನಾಲ್ಕು ಗೋಲು. ಯುರೋಪಿನ ಕ್ಲಬ್‌ಗಳು ತಿರುಗಿ ನೋಡಿದ್ದು ಆವಾಗ.

ಅವನು ಹೋದದ್ದು ಎಲ್ಲಿಗೆ? ಲಂಡನ್‌ಗಲ್ಲ, ಟ್ಯೂರಿನ್‌ಗಲ್ಲ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ, 2019ರ ಜನವರಿಯಲ್ಲಿ. ಹೋದ ಮೊದಲ ಆರು ತಿಂಗಳಲ್ಲಿ ಲೀಗ್‌ನಲ್ಲಿ ಆಡಿದ್ದು ಎರಡೇ ಪಂದ್ಯ. ನಿಮಿಷಕ್ಕೇ ಬೆಲೆ ಎಂದು ಈಗಷ್ಟೇ ಹೇಳಿದ ನಾನು ಇದನ್ನು ಹೇಗೆ ಸಮರ್ಥಿಸುತ್ತೇನೆ ಎಂದು ನೀವು ಕೇಳಬಹುದು. ಉತ್ತರ ಆ ತಂಡದ ಇನ್ನೊಬ್ಬ ಸ್ಟ್ರೈಕರ್‌ನಲ್ಲಿದೆ. ಆ ವರ್ಷ ಸಾಲ್ಜ್‌ಬರ್ಗ್‌ನ ಮುಖ್ಯ ಗೋಲುಗಾರ ಮೂನಸ್ ದಬ್ಬೂರ್. ಬೇಸಿಗೆಯಲ್ಲಿ ಅವನು ಸ್ಪೇನಿನ ಸೆವಿಯಾಗೆ ಹೋಗುವುದು ಅದೇ ಜನವರಿಯಲ್ಲಿ ಖಚಿತವಾಗಿತ್ತು. ಅಂದರೆ ಕಾಯುವಿಕೆಗೆ ಕೊನೆಯ ತಾರೀಖು ಗೊತ್ತಿತ್ತು. ಆ ಆರು ತಿಂಗಳು ಹೊಸ ಭಾಷೆಗೆ, ಎದುರಾಳಿಯ ಮೇಲೆ ಒತ್ತಡ ಹಾಕಿ ಆಡುವ ತಂಡದ ಕ್ರಮಕ್ಕೆ, ವ್ಯಾಯಾಮಕ್ಕೆ ಹೋಯಿತು. ಕಾಯಬೇಕಾದರೆ ಹೀಗೆ ಕಾಯಬೇಕು. ಮಗನಿಗೆ ಅಥವಾ ಶಿಷ್ಯನಿಗೆ ಕ್ಲಬ್‌ನಿಂದ ಕರೆ ಬಂದಾಗ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇವನ ಜಾಗದಲ್ಲಿ ಈಗ ಯಾರಿದ್ದಾರೆ, ಅವರ ವಯಸ್ಸೆಷ್ಟು, ಅವರ ಕರಾರು ಯಾವಾಗ ಮುಗಿಯುತ್ತದೆ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ಸಹಿ ಹಾಕಲು ಅವಸರ ಬೇಡ.

2019ರ ಮೇ ತಿಂಗಳಲ್ಲಿ, ಪೋಲೆಂಡಿನ ಲುಬ್ಲಿನ್‌ನಲ್ಲಿ, 20 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಹೊಂಡುರಾಸ್ ವಿರುದ್ಧ 12–0 ಗೆಲುವಿನಲ್ಲಿ ಒಬ್ಬನೇ ಒಂಬತ್ತು ಹೊಡೆದದ್ದು ಎಲ್ಲರಿಗೂ ನೆನಪಿದೆ. ಎದುರಾಳಿ ತೀರ ದುರ್ಬಲ, ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಬೆಲೆ ಕೊಡುವುದು ಅದೇ ವರ್ಷದ ಸೆಪ್ಟೆಂಬರ್ 17ಕ್ಕೆ: ಚಾಂಪಿಯನ್ಸ್ ಲೀಗ್‌ನ ಮೊದಲ ಪಂದ್ಯ, ಬೆಲ್ಜಿಯಂನ ಗೆಂಕ್ ಮೇಲೆ ಹ್ಯಾಟ್ರಿಕ್. ಗುಂಪು ಹಂತದ ಆರು ಪಂದ್ಯಗಳಲ್ಲಿ ಎಂಟು ಗೋಲು.

ಇಲ್ಲೊಂದು ಪಕ್ಕದ ದಾರಿ ಹಿಡಿಯೋಣ. ಮೆಟ್ಟಿಲು ಹತ್ತಲು ಕ್ಲಬ್ ಬಿಟ್ಟು ಕ್ಲಬ್‌ಗೆ ಹೋಗಲೇಬೇಕು ಅಂತೇನಿಲ್ಲ. ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್ ತನ್ನ ಕ್ಲಬ್ ಟಾಟನ್‌ಹ್ಯಾಮ್ ಬಿಡದೆಯೇ ನಾಲ್ಕು ಸಲ ಲೋನ್ ಮೇಲೆ, ಅಂದರೆ ಎರವಲಾಗಿ, ಬೇರೆ ಕ್ಲಬ್‌ಗೆ ಹೋದ: ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್. ಮೊದಲೆರಡು ಕೆಳದರ್ಜೆಯ ಕ್ಲಬ್‌ಗಳಲ್ಲಿ ಆಟ ಸಿಕ್ಕಿತು, ಮಿಲ್‌ವಾಲ್‌ನಲ್ಲಿ 9 ಗೋಲು. ನಾರ್ವಿಚ್‌ನಲ್ಲಿ ಪಾದದ ಎಲುಬು ಮುರಿಯಿತು. 2013ರ ಮೇ ತಿಂಗಳಲ್ಲಿ ವಾಟ್‌ಫರ್ಡ್ ವಿರುದ್ಧದ ಪ್ಲೇ-ಆಫ್ ಪಂದ್ಯ ಶುರುವಾದಾಗ ಲೆಸ್ಟರ್‌ನ ಬೆಂಚಿನ ಮೇಲೆ ಇಬ್ಬರು ಸ್ಟ್ರೈಕರ್‌ಗಳು ಕೂತಿದ್ದರು. ಒಬ್ಬ ಕೇನ್, ಇನ್ನೊಬ್ಬ ಜೇಮೀ ವಾರ್ಡಿ. 2015–16ರಲ್ಲಿ ಕೇನ್ 25 ಗೋಲಿನೊಂದಿಗೆ ಪ್ರೀಮಿಯರ್ ಲೀಗಿನ ಅಗ್ರ ಗೋಲುಗಾರ, ವಾರ್ಡಿ 24 ಗೋಲು ಹೊಡೆದು ಲೆಸ್ಟರ್‌ಗೆ ಪ್ರಶಸ್ತಿ ತಂದುಕೊಟ್ಟ. ಇಪ್ಪತ್ತರ ಹರೆಯದಲ್ಲಿ ಬೆಂಚು ಕಾದವನು ಕೆಟ್ಟ ಆಟಗಾರ ಎಂದು ತೀರ್ಪು ಕೊಡುವವರು ಈ ಬೆಂಚನ್ನು ಒಮ್ಮೆ ನೆನೆಯಬೇಕು.

ನಮ್ಮ ಬೆಂಗಳೂರಿಗೆ ಗೊತ್ತಿರುವ ಉದಾಹರಣೆಯೂ ಇದೆ. ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಅಲ್ಲಿಯ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್‌ಗೆ ಹೋದರು, ಬಿ ತಂಡದಲ್ಲಿ ಬೆರಳೆಣಿಕೆಯಷ್ಟು ಅವಕಾಶ. ಸಾಮರ್ಥ್ಯವಿರುವ ಆಟಗಾರನೇ, ಮೆಟ್ಟಿಲು ಮಾತ್ರ ಹೊಂದಲಿಲ್ಲ. ಮರಳಿ ಬಂದು 2013–14ರಲ್ಲಿ ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿ ಪರ ಪೂರ್ತಿ ಹಂಗಾಮು ಆಡಿದರು, 14 ಗೋಲು, ಕ್ಲಬ್‌ಗೆ ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ. ಯುರೋಪ್ ಎಂಬ ಹೆಸರಿಗಾಗಿ ಹೋಗುವುದಕ್ಕೂ ಆಡಲು ಹೋಗುವುದಕ್ಕೂ ಇರುವ ಅಂತರ ಅಷ್ಟು.

ಹಾಲಾಂಡ್‌ಗೆ ಬರೋಣ. 2020ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಆಸಕ್ತಿ ತೋರಿತ್ತು, ಆತ ಆರಿಸಿದ್ದು ಡಾರ್ಟ್‌ಮಂಡ್. ಅಲ್ಲಿ ಎಳೆಯರನ್ನು ಆಡಿಸುವ ರೂಢಿಯಿತ್ತು, ನಟ್ಟನಡುವಿನ ಸ್ಟ್ರೈಕರ್ ಜಾಗಕ್ಕೆ ಆಟಗಾರ ಬೇಕಿತ್ತು. ಜನವರಿ 18ರಂದು ಆಗ್ಸ್‌ಬರ್ಗ್ ವಿರುದ್ಧ ಬದಲಿಯಾಗಿ ಇಳಿದು 23 ನಿಮಿಷದಲ್ಲಿ ಮೂರು ಗೋಲು. ಡಾರ್ಟ್‌ಮಂಡ್‌ನಲ್ಲಿ ಒಟ್ಟು 89 ಪಂದ್ಯ, 86 ಗೋಲು.

ಕೆಲವು ಕರಾರುಗಳಲ್ಲಿ ಬಿಡುಗಡೆ ಮೊತ್ತ ಎಂಬ ಷರತ್ತಿರುತ್ತದೆ. ನಿಗದಿಯಾದ ಹಣ ಯಾವ ಕ್ಲಬ್ ಕೊಟ್ಟರೂ ಈಗಿನ ಕ್ಲಬ್ ತಡೆಯುವಂತಿಲ್ಲ. ಸಾಲ್ಜ್‌ಬರ್ಗ್‌ನಿಂದ ಸುಮಾರು 2 ಕೋಟಿ ಯೂರೋಗೆ, ಡಾರ್ಟ್‌ಮಂಡ್‌ನಿಂದ 2022ರಲ್ಲಿ ಸುಮಾರು 6 ಕೋಟಿ ಯೂರೋಗೆ ಅವನು ಹೊರಬಂದದ್ದು ಈ ಷರತ್ತಿನಿಂದಲೇ. ಅಂಥ ಆಟಗಾರನಿಗೆ ಅದು ಮಾರುಕಟ್ಟೆ ದರಕ್ಕಿಂತ ಬಹಳ ಕಡಿಮೆ. ಕ್ಲಬ್ ಯಾಕೆ ಒಪ್ಪುತ್ತದೆ ಅಂದರೆ, ಷರತ್ತಿಲ್ಲದಿದ್ದರೆ ಆಟಗಾರ ಬರುತ್ತಲೇ ಇರಲಿಲ್ಲ. ಎಳೆಯರಿಗೆ ಇದರ ಲಾಭ ಹಣಕ್ಕಿಂತ ಹೆಚ್ಚಾಗಿ ದಾರಿ ಮುಚ್ಚದಿರುವುದು. ಮೊತ್ತ ತೀರ ಹೆಚ್ಚಿಟ್ಟರೆ ಷರತ್ತು ಇದ್ದೂ ಇಲ್ಲದಂತೆ. ಷರತ್ತು ಯಾವ ತಾರೀಖಿನಿಂದ ಜಾರಿಗೆ ಬರುತ್ತದೆ, ಹಣ ಒಂದೇ ಕಂತಿನಲ್ಲಿ ಕೊಡಬೇಕೇ ಎಂಬುದನ್ನೂ ಓದಿಯೇ ಸಹಿ ಹಾಕಬೇಕು.

ಈಗ ಮೈದಾನದೊಳಗೆ ಹೋಗೋಣ. 2022ರ ಆಗಸ್ಟ್ 13ರಂದು ಬೋರ್ನ್‌ಮತ್ ವಿರುದ್ಧ ಹಾಲಾಂಡ್ ಸುಮಾರು 74 ನಿಮಿಷ ಆಡಿ ಚೆಂಡು ಮುಟ್ಟಿದ್ದು ಎಂಟೇ ಸಲ. ಪತ್ರಿಕೆಗಳು ಕುಹಕವಾಡಿದವು. ಆದರೆ ಸಹ ಆಟಗಾರ ಗುಂಡೋವನ್ ಹೊಡೆದ ಮೊದಲ ಗೋಲಿಗೆ ಪಾಸ್ ಕೊಟ್ಟವನು ಇವನೇ, ಸಿಟಿ ಗೆದ್ದದ್ದು 4–0. ಎಂಟು ಸಲ ಮುಟ್ಟಿದವನು ಉಳಿದ ಹೊತ್ತು ಏನು ಮಾಡುತ್ತಿದ್ದ? ಫಾರ್ವರ್ಡ್‌ನ ಕೆಲಸ ಇರುವುದು ಅಲ್ಲಿಯೇ.

ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ 40.3 ಮೀಟರ್ ಅಗಲ, 16.5 ಮೀಟರ್ ಆಳ. ಚೆಂಡು ಬಲಬದಿಯಲ್ಲಿದೆ ಎಂದುಕೊಳ್ಳಿ. ಡಿಫೆಂಡರ್ ಚೆಂಡನ್ನೂ ನೋಡಬೇಕು, ಸ್ಟ್ರೈಕರ್‌ನನ್ನೂ ನೋಡಬೇಕು, ಎರಡೂ ಏಕಕಾಲಕ್ಕೆ ಆಗದು. ಆದ್ದರಿಂದ ನಿಲ್ಲಬೇಕಾದ ಜಾಗ, ಚೆಂಡಿಗೆ ದೂರವಾದ ಅವನ ಭುಜದ ಹಿಂದೆ, ಒಂದೂವರೆಯಿಂದ ಎರಡು ಮೀಟರ್ ಅಂತರದಲ್ಲಿ. ಅದಕ್ಕಿಂತ ಹತ್ತಿರ ನಿಂತರೆ ಕೈ ಚಾಚಿ ತಡವಿ ನಿಮ್ಮನ್ನು ಗುರುತಿಸುತ್ತಾನೆ. ತೀರ ದೂರ ನಿಂತರೆ ಅವನ ಮುಂದೆ ನುಗ್ಗಲು ಹೊತ್ತು ಸಾಲದು. ಮೊದಲ ಎರಡು ಮೂರು ಹೆಜ್ಜೆ ದೂರದ ಗೋಲ್‌ಕಂಬದ ಕಡೆಗೆ, ಅರ್ಧ ವೇಗದಲ್ಲಿ. ಡಿಫೆಂಡರ್ ಹಿಂದಕ್ಕೆ ವಾಲುತ್ತಾನೆ ಅಥವಾ ತಿರುಗಿ ನೋಡುತ್ತಾನೆ. ಪಾಸ್ ಕೊಡುವವನು ತಲೆ ತಗ್ಗಿಸಿ ಕಾಲು ಹಿಂದಕ್ಕೆ ಎತ್ತಿದ ಕ್ಷಣದಲ್ಲಿ ಪೂರ್ತಿ ವೇಗದಿಂದ ಅವನ ಮುಂದೆ ನುಗ್ಗಿ ಹತ್ತಿರದ ಕಂಬಕ್ಕೆ. ಆ ಹೊತ್ತಿಗೆ ಡಿಫೆಂಡರ್‌ನ ತೂಕ ತಪ್ಪು ಕಾಲಿನ ಮೇಲಿರುತ್ತದೆ.

ಕೆಡುವುದು ಎಲ್ಲಿ? ಹತ್ತರಲ್ಲಿ ಎಂಟು ಸಲ ಬೇಗ ಹೊರಡುವುದರಲ್ಲಿ. ಬೇಗ ಹೊರಟವನು ಚೆಂಡಿಗಿಂತ ಮೊದಲು ತಲುಪಿ ಅಲ್ಲಿ ನಿಂತು ಕಾಯುತ್ತಾನೆ, ನಿಂತವನನ್ನು ತಡೆಯುವುದು ಡಿಫೆಂಡರ್‌ಗೆ ಸಲೀಸು. ಹಿಂದಿನ ಜಾಗಕ್ಕೆ ಬರುವ ಉದ್ದ ಪಾಸ್‌ಗೆ ಬೇಗ ಹೊರಟರೆ ಆಫ್‌ಸೈಡ್, ಅಂದರೆ ಪಾಸ್ ಹೊರಡುವ ಮೊದಲೇ ಡಿಫೆಂಡರ್‌ಗಳ ಸಾಲು ದಾಟಿದ ತಪ್ಪು. ಅದಕ್ಕೆ ನೇರ ಓಡದೆ ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ ಬಿಲ್ಲಿನಂತೆ ಬಾಗಿ ಓಡಬೇಕು. ಮೈ ಅರ್ಧ ಪಾಸ್ ಕೊಡುವವನ ಕಡೆಗೆ, ಅರ್ಧ ಗೋಲಿನ ಕಡೆಗೆ ತೆರೆದಿರಬೇಕು.

ಇನ್ನೊಂದು ವಿದ್ಯೆ ನಿಲ್ಲುವುದು. ಬದಿಯಲ್ಲಿ ಓಡುವವನು ಗೋಲ್‌ಗೆರೆಯವರೆಗೆ ಹೋದಾಗ ಡಿಫೆಂಡರ್‌ಗಳೆಲ್ಲ ಗೋಲಿನತ್ತ ಧಾವಿಸುತ್ತಾರೆ. ಆಗ ಸ್ಟ್ರೈಕರ್ ಗಕ್ಕನೆ ನಿಂತುಬಿಟ್ಟರೆ ಪೆನಾಲ್ಟಿ ಗುರುತಿನ ಆಸುಪಾಸು, 11 ಮೀಟರ್ ದೂರದಲ್ಲಿ, ಒಬ್ಬಂಟಿ. ನಮ್ಮ ಹುಡುಗರು ಓಡುವುದನ್ನು ಚೆನ್ನಾಗಿ ಕಲಿಯುತ್ತಾರೆ, ಬ್ರೇಕ್ ಹಾಕುವುದನ್ನು ಕಲಿಸುವವರು ಕಡಿಮೆ.

2023ರ ಮಾರ್ಚ್ 14ರಂದು ಲೈಪ್‌ಜಿಗ್ ಮೇಲೆ ಹೊಡೆದ ಐದು ಗೋಲನ್ನು ಮತ್ತೆ ನೋಡಿ. ಒಂದು ಪೆನಾಲ್ಟಿ. ಉಳಿದವುಗಳಲ್ಲಿ ಬಹುಪಾಲು ಬೇರೆಯವರು ಹೊಡೆದು ಕಂಬಕ್ಕೋ ಗೋಲ್‌ಕೀಪರ್ ಕೈಗೋ ತಗುಲಿ ಮರಳಿದ ಚೆಂಡುಗಳು. ಜನ ಅದೃಷ್ಟ ಎನ್ನುತ್ತಾರೆ. ಗೆಳೆಯ ಶಾಟ್ ಹೊಡೆಯುವ ಕ್ಷಣದಲ್ಲಿ ಉಳಿದವರೆಲ್ಲ ಚೆಂಡನ್ನು ನೋಡುತ್ತ ನಿಂತಿದ್ದರೆ ಇವನು ಆಗಲೇ ಎರಡು ಹೆಜ್ಜೆ ಗೋಲಿನತ್ತ ಇಟ್ಟಿರುತ್ತಾನೆ. ಇದನ್ನು ಅಭ್ಯಾಸದಲ್ಲಿ ಕಡ್ಡಾಯ ಮಾಡಬಹುದು: ಪ್ರತಿ ಶಾಟ್‌ಗೂ ಯಾರೋ ಒಬ್ಬರು ಹಿಂಬಾಲಿಸಲೇಬೇಕು, ಚೆಂಡು ಒಳಗೆ ಹೋದರೂ ಸರಿ.

ಅಭ್ಯಾಸದ ಅಳತೆಯನ್ನೂ ಹೇಳಿಬಿಡುತ್ತೇನೆ. ಬದಿಯಲ್ಲೊಬ್ಬ ಪಾಸ್ ಕೊಡುವವನು, ಒಬ್ಬ ಡಿಫೆಂಡರ್, ಒಬ್ಬ ಸ್ಟ್ರೈಕರ್, ಗೋಲ್‌ಕೀಪರ್. ವಾರಕ್ಕೆ ಎರಡು ಸಲ, ಮೈ ಬಿಸಿಯಾದ ಕೂಡಲೇ, 12ರಿಂದ 16 ಓಟ. ಪ್ರತಿ ಓಟದ ನಂತರ 40ರಿಂದ 60 ಸೆಕೆಂಡ್ ಬಿಡುವು. ಸಾಲಾಗಿ ಇಪ್ಪತ್ತು ಹುಡುಗರನ್ನು ನಿಲ್ಲಿಸಿದರೆ ಒಬ್ಬೊಬ್ಬನ ಪಾಲಿಗೆ ಮೂರು ಓಟವೂ ಬರುವುದಿಲ್ಲ. ಬಿಡುವಿಲ್ಲದೆ ಓಡಿಸಿದರೆ ದಣಿದ ಕಾಲು ನಿಧಾನದ ಓಟವನ್ನೇ ಕಲಿಯುತ್ತದೆ.

ಗೋಲು ಬಾರದ ದಿನಗಳ ಬಗ್ಗೆ ಒಂದು ಲೆಕ್ಕ. ಒಬ್ಬ ಒಳ್ಳೆಯ ಫಾರ್ವರ್ಡ್ ಪಂದ್ಯಕ್ಕೆ ಮೂರು ಶಾಟ್ ಹೊಡೆಯುತ್ತಾನೆ, ಪ್ರತಿ ಶಾಟ್ ಗೋಲಾಗುವ ಸಂಭವ 12% ಎಂದುಕೊಳ್ಳಿ. ಸತತ ಐದು ಪಂದ್ಯಗಳಲ್ಲಿ, ಅಂದರೆ 15 ಶಾಟ್‌ಗಳಲ್ಲಿ, ಒಂದೂ ಒಳಗೆ ಹೋಗದಿರುವ ಸಂಭವ ಸುಮಾರು 15%. ಆಟ ಚೂರೂ ಕೆಟ್ಟಿರದಿದ್ದರೂ ಇಂಥ ಏಳು ಜನರಲ್ಲಿ ಒಬ್ಬನಿಗೆ ಹೀಗಾಗುತ್ತದೆ. ಹಾಗಾಗಿ ಕೋಚ್ ಬರೆದಿಡಬೇಕಾದದ್ದು ಶಾಟ್ ಎಷ್ಟು, ಬಾಕ್ಸ್ ಒಳಗಿನಿಂದ ಎಷ್ಟು ಎಂಬುದನ್ನು. ಶಾಟ್‌ಗಳೇ ನಿಂತುಹೋದರೆ ಚಿಂತಿಸಿ. ಶಾಟ್‌ಗಳಿದ್ದು ಗೋಲಿಲ್ಲವಾದರೆ ಹುಡುಗನನ್ನು ಆಡಿಸುತ್ತಿರಿ. 2022ರ ಜುಲೈನಲ್ಲಿ ಲಿವರ್‌ಪೂಲ್ ವಿರುದ್ಧದ ಕಮ್ಯುನಿಟಿ ಶೀಲ್ಡ್ ಪಂದ್ಯದ ಕೊನೆಯಲ್ಲಿ ಹಾಲಾಂಡ್ ಖಾಲಿ ಗೋಲಿನೆದುರು ಚೆಂಡನ್ನು ಅಡ್ಡಕಂಬಕ್ಕೆ ಹೊಡೆದ. ಎಂಟು ದಿನ ಕಳೆದು ವೆಸ್ಟ್‌ಹ್ಯಾಮ್ ವಿರುದ್ಧದ ಮೊದಲ ಲೀಗ್ ಪಂದ್ಯದಲ್ಲಿ ಎರಡು ಗೋಲು.

ಗಾಯ. ಸ್ಟ್ರೈಕರ್‌ಗೆ ಪೂರ್ತಿ ವೇಗದ ಓಟ ಹೆಚ್ಚು, ಆದ್ದರಿಂದ ತೊಡೆಯ ಹಿಂಬದಿಯ ಸ್ನಾಯುವೇ ಮೊದಲ ಬಲಿ. ಹಾಲಾಂಡ್‌ಗೆ 2020ರ ಡಿಸೆಂಬರ್ ಪೂರ್ತಿ ಹೋದದ್ದು ಸ್ನಾಯುವಿನ ಗಾಯದಿಂದ, 2023ರ ಕೊನೆಗೆ ಸುಮಾರು ಎರಡು ತಿಂಗಳು ಪಾದದ ಎಲುಬಿನ ಮೇಲೆ ಬಿದ್ದ ಒತ್ತಡದಿಂದ. ಫಿಫಾದ '11 ಪ್ಲಸ್' ಎಂಬ ಕ್ರಮ ಉಚಿತವಾಗಿ ಸಿಗುತ್ತದೆ: 15 ವ್ಯಾಯಾಮ, 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ. ಅದರಲ್ಲಿ ಮಂಡಿಯೂರಿ, ಹಿಮ್ಮಡಿಯನ್ನು ಗೆಳೆಯ ಹಿಡಿದಿರುವಾಗ ಮೈಯನ್ನು ನೇರ ಇಟ್ಟುಕೊಂಡು ನಿಧಾನ ಮುಂದಕ್ಕೆ ಬಾಗುವ ವ್ಯಾಯಾಮವಿದೆ. ಅದೊಂದನ್ನು ಬಿಡದೆ ಮಾಡಿದ ತಂಡಗಳಲ್ಲಿ ತೊಡೆ ಹಿಂಬದಿಯ ಗಾಯ ಅರ್ಧದಷ್ಟು ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ಮೊದಲ ವಾರ ಐದೇ ಸಲ ಮಾಡಿಸಿ. ಹೆಚ್ಚು ಮಾಡಿದವನು ಮರುದಿನ ಮೆಟ್ಟಿಲು ಇಳಿಯಲಾರ, ಮತ್ತೆ ಆ ವ್ಯಾಯಾಮದ ಹತ್ತಿರವೂ ಬರುವುದಿಲ್ಲ.

ಕೊನೆಯದಾಗಿ ಕಾಗದಪತ್ರ. 'ನಿಮ್ಮ ಮಗನಿಗೆ ಹದಿನಾರಕ್ಕೇ ಯುರೋಪಿನ ಕ್ಲಬ್ ಕೊಡಿಸುತ್ತೇವೆ' ಎಂದು ಹಣ ಕೇಳಿದವರ ಮಾತು ನಂಬಬೇಡಿ. ಹದಿನೆಂಟು ತುಂಬದ ಆಟಗಾರನ ಅಂತರರಾಷ್ಟ್ರೀಯ ವರ್ಗಾವಣೆಯನ್ನು ಫಿಫಾ ನಿಷೇಧಿಸಿದೆ. ಇರುವ ಕೆಲವೇ ವಿನಾಯಿತಿಗಳು ಭಾರತದಲ್ಲಿ ನೆಲೆಸಿರುವ ಹುಡುಗನಿಗೆ ಬಹುತೇಕ ಅನ್ವಯಿಸುವುದಿಲ್ಲ. ಹಾಲಾಂಡ್ ಕೂಡ ದೇಶ ಬಿಟ್ಟದ್ದು ಹದಿನೆಂಟು ದಾಟಿದ ಮೇಲೆ.

ಇನ್ನು ಕಲಿಸಿದ ಕ್ಲಬ್‌ಗೆ ಸೇರಬೇಕಾದ ಪಾಲು. ಒಂದು ದೇಶದಿಂದ ಇನ್ನೊಂದಕ್ಕೆ ಹಣ ಕೊಟ್ಟು ವರ್ಗಾವಣೆಯಾದಾಗ ಆ ಮೊತ್ತದ 5% ಅನ್ನು, ಆಟಗಾರನಿಗೆ 12ರಿಂದ 23 ವರ್ಷದವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ 0.25%, 16ರಿಂದ ಮುಂದಕ್ಕೆ ವರ್ಷಕ್ಕೆ 0.5%. ಹನ್ನೆರಡರಿಂದ ಹದಿನಾರರವರೆಗೆ ಸಾಕಿದ ಬ್ರೂನೆಯಂಥ ಕ್ಲಬ್‌ನ ಪಾಲು ಹೀಗೆ 1.5%, 6 ಕೋಟಿ ಯೂರೋ ವರ್ಗಾವಣೆಯಲ್ಲಿ ಅದು 9 ಲಕ್ಷ ಯೂರೋ. ಈ ಹಣ ಸಿಗಬೇಕಾದರೆ ಯಾವ ವರ್ಷ ಯಾವ ಕ್ಲಬ್‌ನಲ್ಲಿ ನೋಂದಣಿಯಾಗಿದ್ದ ಎಂಬ ದಾಖಲೆ ಬೇಕು. ನಮ್ಮಲ್ಲಿ ಅದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಇರಬೇಕು. ನೋಂದಣಿಯಿಲ್ಲದೆ ಮೈದಾನದಲ್ಲಿ ಕಳೆದ ವರ್ಷ, ಕೋಚ್ ಎಷ್ಟೇ ಬೆವರು ಸುರಿಸಿದ್ದರೂ, ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಕ್ಲಬ್‌ನಲ್ಲಿ ಈಗ ಹನ್ನೆರಡು ದಾಟಿದ ಮಕ್ಕಳಿದ್ದರೆ, ಜನನ ಪ್ರಮಾಣಪತ್ರದ ತಾರೀಖು, ಹೆಸರಿನ ಅಕ್ಷರ, ಅಪ್ಪನ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಇದೆಯೇ ಎಂದು ನೋಡಿ, ಈ ಹಂಗಾಮಿನ ನೋಂದಣಿಯನ್ನು ಮೊದಲು ಮುಗಿಸಿ.